ಗಡಿಕಾಡಿನ ಶಸ್ತ್ರಬಲ

ಹಾರೋಹಳ್ಳಿಯಿಂದ ಕನಕಪುರದ ಮಾರ್ಗವಾಗಿ ದಕ್ಷಿಣಕ್ಕೆ ಹೋದರೆ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುತ್ತದೆ. ಮೇಕೆದಾಟು ಕಳೆದ ಮೇಲೆ ಕೆಲವು ದೂರ ಆ ಹೊಳೆಯೇ ಕರ್ನಾಟಕಕ್ಕೂ ತಮಿಳುನಾಡಿಗೂ ಎಲ್ಲೆಯಾಗಿದೆ. ಎಲ್ಲೆಯನ್ನು ಲೆಕ್ಕಿಸದ ಅಡವಿಯು ಎರಡು ದಡಗಳಲ್ಲಿಯೂ ಹಬ್ಬಿ, ಮಲೆ ಮಹದೇಶ್ವರ ಬೆಟ್ಟದ ಆಚೆಗೂ ಸಾಗುತ್ತದೆ. 2004ರ ಅಕ್ಟೋಬರ್ 18ರಂದು ಹತನಾಗುವವರೆಗೆ ವೀರಪ್ಪನ್ ಎರಡು ಸರ್ಕಾರಗಳಿಗೆ ಸವಾಲಾಗಿ ನಿಂತಿದ್ದುದು ಈ ಅಡವಿಯ ಆಶ್ರಯದಲ್ಲಿಯೇ.

2025ರ ಜನವರಿ 8ರಂದು ಮಲೆನಾಡಿನ ಆರು ಮಂದಿ ನಕ್ಸಲೀಯರು ಮುಖ್ಯಮಂತ್ರಿಗಳ ಎದುರು ಶರಣಾದರು. ಇದರಿಂದ ಸಮಾಧಾನ ಪಡುವುದು ಸಹಜವೇ. ಆದರೆ ಸಮಾಧಾನದ ಕಾಲದಲ್ಲಿಯೇ, ದಂತಚೋರರ ಒಂದು ತಂಡವು ಸಶಸ್ತ್ರ ಪಡೆಯಾಗಿ ಬೆಳೆದುದು ಹೇಗೆಂದು ವಿಚಾರಿಸಬೇಕು. ಆ ಬಲದ ಬಹುಭಾಗವು ನಮ್ಮ ಕಡೆಯಿಂದಲೇ ಹೋದದ್ದೆಂದು ಹೇಳದೆ ವಿಧಿಯಿಲ್ಲ.

ಮೊದಲನೆಯದು ಆಯುಧ. 1992ರ ಮೇ ತಿಂಗಳಲ್ಲಿ ಈ ತಂಡವು ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಬಿದ್ದು, ಐವರು ಪೊಲೀಸರನ್ನು ಕೊಂದು, ಅಲ್ಲಿದ್ದ ಬಂದೂಕುಗಳನ್ನೂ ತೋಟಾಗಳನ್ನೂ ಹೊತ್ತೊಯ್ದಿತು. ದೂರದ ಠಾಣೆಯಲ್ಲಿ ಆಯುಧವಿಟ್ಟು ಕಾವಲು ಇಡದಿದ್ದರೆ ಅದು ವೈರಿಯ ಉಗ್ರಾಣವಾಗುತ್ತದೆ. ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮೊದಲಾದವರು ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದರು. ಒಂದೇ ವರ್ಷದೊಳಗೆ ಬಂದೂಕಿನಿಂದ ನೆಲಬಾಂಬಿಗೆ ಏರಿದ ಈ ವೇಗವನ್ನು ಗಮನಿಸಬೇಕು. ಕಲ್ಲುಗಣಿಗಳು ಹಬ್ಬಿರುವ ಕನಕಪುರ ಸೀಮೆಯ ಅಧಿಕಾರಿಗಳು ಗಣಿಯ ಸಿಡಿಮದ್ದಿನ ಲೆಕ್ಕವನ್ನು ಕೇವಲ ಕಾಗದದ ಕೆಲಸವೆಂದು ಬಗೆಯಬಾರದು.

ಎರಡನೆಯದು ಎಲ್ಲೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಅನಂತರ ನಮ್ಮದಾಯಿತು. ಗೆರೆ ಬದಲಾದರೂ ಕಾಡಿನ ಜಾಡುಗಳು ಬದಲಾಗಲಿಲ್ಲ. ಇತ್ತ ಬೆನ್ನಟ್ಟಿದರೆ ಅತ್ತ, ಅತ್ತ ಬೆನ್ನಟ್ಟಿದರೆ ಇತ್ತ. ಎರಡು ಸರ್ಕಾರಗಳ ನಡುವಣ ಸಂಶಯವೇ ಆ ತಂಡಕ್ಕೆ ಕೋಟೆಯಾಯಿತು.

2000ದಲ್ಲಿ ಈ ಬಲವು ಬೇರೊಂದು ರೂಪ ತಾಳಿತು. ಆ ವೇಳೆಗೆ ಅವನ ಬಳಿ ಉಳಿದಿದ್ದವರು ಸ್ವಲ್ಪ ಜನ. ಆದರೆ ತಮಿಳು ಪ್ರತ್ಯೇಕತಾವಾದಿ ಸಶಸ್ತ್ರ ಗುಂಪುಗಳವರು ಜತೆಗೂಡಿದ್ದರು. ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರರನ್ನು ಅಪಹರಿಸಿದ ಮೇಲೆ ಕೇಳಿದ್ದು ಬರಿಯ ಹಣವಲ್ಲ: ಕಾವೇರಿಯ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಬಂಧಿಗಳ ಬಿಡುಗಡೆ. ದರೋಡೆಗೆ ರಾಜಕೀಯದ ಬಾವುಟ ದೊರೆಯಿತು. ಸರ್ಕಾರವು ಟಾಡಾ ಮೊಕದ್ದಮೆಗಳನ್ನು ಹಿಂದೆಗೆಯಲು ಹೊರಟಾಗ ಅಡ್ಡನಿಂತವರು ಶಕೀಲ್ ಅಹಮದರ ವೃದ್ಧ ತಂದೆ ಅಬ್ದುಲ್ ಕರೀಂ. ನವೆಂಬರ್ 7ರಂದು ಸುಪ್ರೀಂ ಕೋರ್ಟು ಅವರ ಮಾತನ್ನೇ ಎತ್ತಿಹಿಡಿಯಿತು. ಮಗನನ್ನು ಕಳೆದುಕೊಂಡ ಒಬ್ಬ ಮುದುಕನಿಗೆ ಇದ್ದ ಸ್ಥೈರ್ಯ ಇಡೀ ಮಂತ್ರಿಮಂಡಲಕ್ಕೆ ಇರಲಿಲ್ಲ. 108 ದಿನಗಳ ತರುವಾಯ, ನವೆಂಬರ್ 15ರಂದು, ರಾಜ್‌ಕುಮಾರರು ಬಿಡುಗಡೆ ಹೊಂದಿದರು.

ಇನ್ನು ಕಾಡಂಚಿನ ಪ್ರಜೆಗಳ ಸಂಗತಿ. ತಂಡಕ್ಕೆ ಅಕ್ಕಿ ಕೊಟ್ಟರೆ ಪೊಲೀಸರ ಏಟು, ಸುಳಿವು ಕೊಟ್ಟರೆ ತಂಡದ ಗುಂಡು. ಇಂಥ ಇಕ್ಕಟ್ಟಿನಲ್ಲಿ ಸಿಕ್ಕವನು ಮೂಕನಾದರೆ ಅವನನ್ನು ದ್ರೋಹಿಯೆನ್ನುವುದು ಅನ್ಯಾಯ. ಕಾರ್ಯಪಡೆಗಳ ಅತ್ಯಾಚಾರಗಳನ್ನು ವಿಚಾರಿಸಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಹಣವೇನೋ ಗೊತ್ತಾಯಿತು, ಆದರೆ ಅರಣ್ಯದ ಗ್ರಾಮಗಳಲ್ಲಿ ಸರ್ಕಾರವೆಂದರೆ ಈಗಲೂ ಖಾಕಿಯ ಉಡುಪೇ ಮೊದಲು ನೆನಪಾಗುವುದಾದರೆ, ಮುಂದೆ ಇನ್ನಾವನಾದರೂ ಅದೇ ಜಾಡಿನಲ್ಲಿ ಬಂದೂಕು ಹಿಡಿದು ಬಂದ ದಿನ ಸುದ್ದಿಯನ್ನು ಠಾಣೆಗೆ ಮುಟ್ಟಿಸುವವರು ಯಾರು? ಎರಡೂ ರಾಜ್ಯಗಳ ಗೃಹಶಾಖೆಗಳು ಈ ಪ್ರಶ್ನೆಗೆ ಉತ್ತರವನ್ನು ಈಗಲೇ, ಕಾಡು ಶಾಂತವಾಗಿರುವಾಗಲೇ, ಸಿದ್ಧಪಡಿಸಲಿ.