ಒಂಬತ್ತು ಅಡುಗೆಮನೆ, ಒಂದು ಹೆಣ

"ಮಿಲಿಟರಿಗೆ ಸೇರಿದ ಮೇಲೆ ಜಾತಿ ಎಲ್ಲಿರುತ್ತಯ್ಯಾ?" ಅಂತ ನಮ್ಮನ್ನು ಕೇಳುವವರು ಬಹಳ ಮಂದಿ. ಹಡಗು ಹತ್ತಿ ಕಡಲು ದಾಟಿದರೆ ಮಡಿಮೈಲಿಗೆಯೆಲ್ಲ ನೀರುಪಾಲು ಅನ್ನೋದು ಇವರ ವಾದ. ಇವರನ್ನು ನಾವು ಮೊದಲ ಮಹಾಯುದ್ಧದ ಬ್ರೈಟನ್‌ಗೆ ಕರೆದೊಯ್ಯಬೇಕಾಗಿದೆ.

ಫ್ರಾನ್ಸಿನ ಕೆಸರುಗುಂಡಿಗಳಲ್ಲಿ ಗುಂಡು ತಿಂದ ಭಾರತದ ಸಿಪಾಯಿಗಳನ್ನು 1914ರ ಕೊನೆಯಲ್ಲಿ ಇಂಗ್ಲೆಂಡಿನ ಈ ಕಡಲೂರಿಗೆ ತಂದರು. ಅಲ್ಲಿನ ರಾಯಲ್ ಪೆವಿಲಿಯನ್ ಎಂಬ ಹಳೇ ಅರಮನೆಯೇ ಆಸ್ಪತ್ರೆ. ಗುಮ್ಮಟದ ಕೆಳಗೆ ಮಂಚ, ಬೇಸರ ಕಳೆಯಲು ಸಂಗೀತ, ಚೇತರಿಸಿಕೊಂಡವರಿಗೆ ಊರು ತೋರಿಸುವ ತಿರುಗಾಟ. ಈ ವೈಭವದ ಫೋಟೋ ತೆಗೆದು ಪೋಸ್ಟ್‌ಕಾರ್ಡು ಅಚ್ಚು ಹಾಕಿಸಿದರು. ಯಾಕೆ ಸ್ವಾಮಿ? ದೊರೆಗೆ ಪ್ರೀತಿ ಉಕ್ಕಿತ್ತೆ? ಗಾಯ ಮಾಯುತ್ತಲೂ ಇವನು ಮತ್ತೆ ಬಂದೂಕು ಹಿಡೀಬೇಕು, ಊರಲ್ಲಿರೋ ತಮ್ಮಂದಿರೂ ಬಂದು ಸೇರಬೇಕು. 1857 ಅವರಿಗೆ ಮರೆತಿರಲಿಲ್ಲ. ಅದೇ ಊರಿನ ಕಿಚನರ್ ಆಸ್ಪತ್ರೆಯಲ್ಲಂತೂ ಸಿಪಾಯಿಗಳು ಹೊರಗೆ ಹೋಗಿ ಬಿಳಿ ಹೆಂಗಸರ ಜೊತೆ ಬೆರೆತಾರೆಂದು ಸುತ್ತ ಮುಳ್ಳುತಂತಿ ಬಿಗಿದಿದ್ದರು.

ಸಿಪಾಯಿಯ ಮನಸ್ಸು ಕೆಡದಂತೆ ಕಾಯಲು ಸರ್ಕಾರ ಕಂಡುಕೊಂಡ ದೊಡ್ಡ ಮದ್ದು ಯಾವುದು ಗೊತ್ತೆ? ಜಾತಿ. ಪೆವಿಲಿಯನ್ನಿನಲ್ಲಿ ಜಾತಿ ಮತ ನೋಡಿ ಒಂಬತ್ತು ಅಡುಗೆಮನೆ! ಪ್ರತಿ ವಾರ್ಡಿನಲ್ಲೂ ಹಿಂದೂಗಳಿಗೊಂದು ನಲ್ಲಿ, ಮುಸ್ಲಿಮರಿಗೊಂದು ನಲ್ಲಿ. ಹುಲ್ಲುಹಾಸಿನಲ್ಲಿ ನಮಾಜಿಗೆ ಜಾಗ, ಗುಡಾರದಲ್ಲಿ ಗುರುದ್ವಾರ. ಇದರ ಬಗ್ಗೆ ನಮ್ಮ ತಕರಾರಿಲ್ಲ. ಪರದೇಶದಲ್ಲಿ ನರಳುವವನಿಗೆ ಅವನ ಅನ್ನ, ಅವನ ಪ್ರಾರ್ಥನೆ ಸಿಗಬೇಕು. ನಾವು ಕೇಳೋದು ಬೇರೆ. ಆ ಅರಮನೆಯ ಕಕ್ಕಸು ಬಳಿದೋರು ಯಾರು? ಅದಕ್ಕೂ ಭಾರತದಿಂದಲೇ ಬಂದ ಅಸ್ಪೃಶ್ಯರು. ಪೊರಕೆಯೂ ಕಡಲು ದಾಟಿತ್ತು.

ಅಂಥವನೊಬ್ಬನ ಹೆಸರು ಸುಖ. ಹೆಸರಿಗೆ ಮಾತ್ರ! ಬರೇಲಿಯ ಜಾಡಮಾಲಿ. ಬ್ರೈಟನ್ನಿನಿಂದಾಚೆ ಬ್ರಾಕನ್‌ಹರ್ಸ್ಟ್ ಎಂಬ ಹಳ್ಳಿಯಲ್ಲಿ ಭಾರತದ ಗಾಯಾಳುಗಳಿಗೆಂದೇ ಇದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಕೆಲಸ. 1915ರ ಜನವರಿ 12ರಂದು ಸತ್ತ. ವಯಸ್ಸು ಮೂವತ್ತು. ಹೆಣ ಸುಡಲು ಹಿಂದೂಗಳು ಒಪ್ಪಲಿಲ್ಲ, ಅಸ್ಪೃಶ್ಯ. ವೋಕಿಂಗಿನ ಮಸೀದಿಯವರೂ ಹೂಳಲು ಒಪ್ಪಲಿಲ್ಲ, ಮುಸಲ್ಮಾನನಲ್ಲ. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹೆಣದ ಅಲೆದಾಟ. ಕಡೆಗೆ ಆ ಹಳ್ಳಿಯ ಪಾದ್ರಿ ತನ್ನ ಇಗರ್ಜಿಯ ಅಂಗಳದಲ್ಲೇ ಗುಂಡಿ ತೋಡಿಸಿದ. ಊರವರು ಕಾಸು ಕೂಡಿಸಿ ಕಲ್ಲು ನೆಡಿಸಿದರು. ಇವನು ಕ್ರೈಸ್ತನಲ್ಲ ಅಂತ ಆ ಕಲ್ಲೇ ಹೇಳುತ್ತೆ.

ಗೆಳೆಯರೇ, ಒಂಬತ್ತು ಅಡುಗೆಮನೆ ಕಟ್ಟಿಸಿದ ಸರ್ಕಾರದ ಲೆಕ್ಕದಲ್ಲಿ ಸುಖನಿಗೂ ಒಂದು ಮನಸ್ಸಿತ್ತೆ? ಅವನ ಬೇಸರ ಕಳೆಯಲು ಯಾರು ಹಾಡಿದರು?

ಎಲ್ಲಾ ಬ್ರಿಟಿಷರ ಕಿತಾಪತಿ ಅಂತ ಕೈ ತೊಳೆದುಕೊಳ್ಳೋ ಪಂಡಿತರೂ ಇದ್ದಾರೆ. ಅಡುಗೆಮನೆ ಕಟ್ಟಿಸಿದ್ದು ಬ್ರಿಟಿಷರು, ನಿಜ. ಚಿತೆಗೆ ಬೆಂಕಿ ಕೊಡೋಲ್ಲ ಅಂದ ಬಾಯಿ ಯಾರದು? ಸಿಪಾಯಿ ತಾನೇ ರೈತನ ಮಗ, ಸಾಮ್ರಾಜ್ಯದ ಕೂಲಿ. ಆದರೂ ತನಗಿಂತ ಕೆಳಗೊಬ್ಬ ಇದ್ದಾನೆ ಅನ್ನೋದೇ ಅವನ ಸಮಾಧಾನ. ಸರ್ಕಾರ ಅದನ್ನೇ ಸಾಕಿತು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರಾಗಿದ್ದ ಸೈನ್ಯವೇ 1890ರ ದಶಕದಲ್ಲಿ ಮಹಾರರಿಗೆ ಬಾಗಿಲು ಹಾಕಿತು. 1917ರಲ್ಲಿ ಆಳು ಸಾಲದೆ ಬಂದಾಗ ಮಹಾರ್ ಪಡೆ ಕಟ್ಟಿತು, 1921ರಲ್ಲಿ ಬರಖಾಸ್ತು ಮಾಡಿತು. 1941ರಲ್ಲಿ ಮತ್ತೊಂದು ಯುದ್ಧ, ಮತ್ತೆ ಮಹಾರ್ ರೆಜಿಮೆಂಟು.

ಹೋದ ಮಳೆಗಾಲ ನಮ್ಮ ಕೇರಿಯ ಅಜ್ಜನೊಬ್ಬ ತೀರಿಕೊಂಡ. ಹೆಣ ಹೊತ್ತು ಹೊಲದ ಬದುವಿನಲ್ಲಿ ಮಧ್ಯಾಹ್ನದ ತನಕ ನಿಂತೆವು, ದಾರಿ ಬಿಡಲಿಲ್ಲ. ಮಸಣಕ್ಕೆ ಜಾಗ ಕೇಳಿ ಕೊಟ್ಟ ಅರ್ಜಿ ಕಚೇರಿಯಲ್ಲೇ ಬಿದ್ದಿದೆ. ಸೋಮವಾರ ಮತ್ತೆ ಹೋಗ್ತಿದ್ದೇವೆ.