ಗಾಡಿಯಲ್ಲಿ ಹಾಡು ನಿಂತರೆ

ಮೊನ್ನೆ ಮೊಮ್ಮಕ್ಕಳೊಡನೆ ಜತ್ತದಿಂದ ಕುಂಭೋಜ ಬಾಹುಬಲಿಗೆ ಹೊರಟಿದ್ದೆವು. ಮಿರಜ ದಾಟುತ್ತಲೇ ಕಾರಿನಲ್ಲಿ ಣಮೋಕಾರ ಮಂತ್ರ ಅರ್ಧಕ್ಕೇ ನಿಂತಿತು. ಸೀಟಿನ ಕೆಳಗಿನ ಆಂಪ್ಲಿಫೈಯರಿನಲ್ಲಿ ದೀಪವೇ ಇಲ್ಲ. ನೋಡಿದರೆ, ಬ್ಯಾಟರಿ ಹತ್ತಿರದ 30 ಆಂಪಿಯರ್ ಫ್ಯೂಜ್ ಹಾರಿತ್ತು. ಹೊಸದು ಹಾಕಿದರೆ ಅದೂ ಹಾರಿತು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್, "ಅರವತ್ತರದು ಹಾಕ್ತೀನ್ರೀ ಸಾಹುಕಾರ್ರ, ಮತ್ತ ಹಾರಂಗಿಲ್ಲ" ಎಂದ.

ಹಾರುವುದಿಲ್ಲ, ನಿಜ. ಆದರೆ ಫ್ಯೂಜ್ ಇರುವುದು ವೈರನ್ನು ಕಾಯಲು. ಅದು ಕರಗದಿದ್ದರೆ ವೈರೇ ಕಾದು, ಮೇಲಿನ ಪ್ಲಾಸ್ಟಿಕ್ಕು, ಕೆಳಗಿನ ಗಾಲೀಚೆ ಹೊತ್ತಿಕೊಳ್ಳಬಹುದು. ಆ ಗಾಲೀಚೆಯ ಮೇಲೆ ಮೊಮ್ಮಕ್ಕಳ ಕಾಲುಗಳಿದ್ದವು. ಬೇಡವೆಂದೆ.

ಆಂಪ್ಲಿಫೈಯರಿನ ಕಡೆ ದಪ್ಪ ವೈರು ಬಿಚ್ಚಿಸಿ, ತುದಿಗೆ ಟೇಪು ಸುತ್ತಿಸಿ, ಮತ್ತೊಂದು 30ರ ಫ್ಯೂಜ್ ಹಾಕಿಸಿದೆ. ಅದೂ ಹಾರಿತು! ಅಂದರೆ ದೋಷ ಆಂಪ್ಲಿಫೈಯರಿನದಲ್ಲ, ವೈರಿನದು. ಫ್ಯೂಜ್ ನಿಂತಿದ್ದರೆ ಆಂಪ್ಲಿಫೈಯರನ್ನೇ ಶಂಕಿಸಬೇಕಿತ್ತು. ಹುಡುಕಿದಾಗ ಸಿಕ್ಕಿತು: ಇಂಜಿನ್ನಿನ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಬುಶ್ ಇಲ್ಲ, ವೈರಿನ ಸಿಪ್ಪೆ ಸವೆದು ತಾಮ್ರ ತಗಡಿಗೆ ತಾಗಿತ್ತು.

ಕೆಂಪು ದೀಪ ಹತ್ತಿಕೊಂಡೇ ಇದ್ದರೆ ಕಥೆ ಬೇರೆ. ಆಗ ಗಾಡಿ ಬಂದ್ ಮಾಡಿ ಸ್ಪೀಕರ್ ವೈರುಗಳನ್ನೆಲ್ಲ ಬಿಚ್ಚಿ, ಮತ್ತೆ ಚಾಲೂ ಮಾಡಿರಿ. ಕೆಂಪು ಹೋದರೆ ಸ್ಪೀಕರ್ ಕೆಟ್ಟಿದೆ, ಇಲ್ಲವೆ ಅದರ ವೈರು ಎಲ್ಲೋ ತಾಗಿದೆ. ಕೆಂಪು ಉಳಿದರೆ ಮೊದಲು ಅರ್ಥ್ ವೈರು ನೋಡಿರಿ. ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿರುತ್ತಾರೆ, ಕೆರೆದು ಬಿಗಿಸಬೇಕು. ಅದೂ ಸರಿ ಇದ್ದರೆ ಒಳಗಿನ ದೋಷ, ರಿಪೇರಿಯವರ ಕೆಲಸ.

ಬ್ಯಾಟರಿ ಕಳಚಿಸಿ ಹೊಸ ವೈರು, ಬುಶ್ ಹಾಕಿಸಿ ಹೊರಟೆವು. ಬೆಟ್ಟ ಮುಟ್ಟಿದಾಗ ಹೊತ್ತು ಇನ್ನೂ ಇತ್ತು, ಊಟ ತಪ್ಪಲಿಲ್ಲ.