ಗುಡ್ಡದ ಮೇಲಿನ ಟೇಲರ್ ಮಂಜಿಲ್

ರಾಯಚೂರಿನಿಂದ ಹೊರಟವರಾಗಲಿ, ಮಾನವಿಯಿಂದ ಬಂದವರಾಗಲಿ, ದೇವದುರ್ಗವನ್ನು ಹಾದು ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ ಎದುರಾಗುತ್ತದೆ. ಬಂಡೆಯ ಮೇಲೆ ಬಂಡೆ ಪೇರಿದಂತಿರುವ ಗುಡ್ಡಗಳ ನಡುವೆ ಬೇಡ ನಾಯಕರು ಆಳಿದ ಊರದು. ಅಲ್ಲಿನ ಒಂದು ಗುಡ್ಡದ ಮೇಲೆ ಇಂಗ್ಲಿಷ್ ಬಂಗಲೆಯೊಂದು ನಿಂತಿದೆ. ಊರವರು ಅದನ್ನು ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ.

ಇಂಗ್ಲೆಂಡಿನಲ್ಲಿ ಇಂತಹ ಮನೆಗಳಿಗೆ ದೀರ್ಘವಾದ ಚರಿತ್ರೆಯುಂಟು. 1705ರಲ್ಲಿ ಕಟ್ಟಡ ಆರಂಭವಾದ ಬ್ಲೆನಿಮ್ ಅರಮನೆಯು ಮಾರ್ಲ್‌ಬರೋ ಪ್ರಭುವಿನ ಯುದ್ಧವಿಜಯದ ಸ್ಮಾರಕ. ಆರು ದಶಕಗಳ ಅನಂತರ ಬ್ರೌನ್ ಎಂಬ ಹೆಸರಾಂತ ಉದ್ಯಾನಶಿಲ್ಪಿಯು ಅದರ ಮುಂದೆ ಹರಿಯುತ್ತಿದ್ದ ಚಿಕ್ಕ ಹೊಳೆಗೆ ಒಡ್ಡು ಹಾಕಿ ವಿಶಾಲ ಸರೋವರವನ್ನೇ ನಿರ್ಮಿಸಿದನು. ಆ ನೀರು ಯಾವ ಗದ್ದೆಗೂ ಹರಿಯಬೇಕಾಗಿರಲಿಲ್ಲ. ಕಿಟಕಿಯಲ್ಲಿ ನಿಂತವರ ಕಣ್ಣಿಗೆ ತಂಪೆರೆದರೆ ಸಾಕಾಗಿತ್ತು.

ಸುರಪುರದ ಬಂಗಲೆಯ ಒಡೆಯ ಪ್ರಭುವಂಶದವನಲ್ಲ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ವರ್ತಕನೊಬ್ಬನ ಮಗನಾಗಿ ಹುಟ್ಟಿದವನು. ಹದಿನೈದರ ಹರೆಯದಲ್ಲಿ ಹಡಗು ಹತ್ತಿ 1824ರಲ್ಲಿ ಮುಂಬಯಿಗೆ ಬಂದು, ಬಳಿಕ ಹೈದರಾಬಾದಿನ ನಿಜಾಮರ ಸೈನ್ಯವನ್ನು ಸೇರಿದನು. ಠಕ್ಕರನ್ನು ಕುರಿತು 1839ರಲ್ಲಿ ಬರೆದ ಕಾದಂಬರಿ ಅವನಿಗೆ ವಿಲಾಯತಿಯಲ್ಲಿ ಕೀರ್ತಿ ತಂದಿತು. ಸುರಪುರದ ಅರಸು ತೀರಿಕೊಂಡು ಪಟ್ಟಕ್ಕೆ ಬಾಲಕ ವೆಂಕಟಪ್ಪ ನಾಯಕನೊಬ್ಬನೇ ಉಳಿದಾಗ, ಸಂಸ್ಥಾನದ ಮೇಲ್ವಿಚಾರಣೆ ಟೇಲರನ ಪಾಲಿಗೆ ಬಂದಿತು. ಬಾಕಿಯಲ್ಲಿ ಮುಳುಗಿದ್ದ ಸಂಸ್ಥಾನದ ಲೆಕ್ಕಪತ್ರಗಳನ್ನು ಅವನು ಹದಕ್ಕೆ ತಂದನು. ಗುಡ್ಡದ ಮೇಲೆ ತನಗೊಂದು ಮನೆಯನ್ನೂ ಕಟ್ಟಿಸಿಕೊಂಡನು.

ಸರೋವರದ ಹಂಬಲ ಇವನಿಗೂ ಇದ್ದಿತು. ಆದರೆ ಇವನ ಸರೋವರ ಕಿಟಕಿಯ ಮುಂದೆ ಮೂಡಲಿಲ್ಲ. ನಾಯಕ ಅರಸರು ಕಟ್ಟಿಸಿದ್ದ ಬೋನಾಳದ ಕೆರೆಯನ್ನು ಅವನು ವಿಸ್ತರಿಸಿದನು. ಬಿಸಿಲು ಸುಡುವ ಸೀಮೆಯಲ್ಲಿ ನೀರು ಮೊದಲು ಹೊಲಕ್ಕೆ, ಆಮೇಲೆ ನೋಟಕ್ಕೆ. ಇಂದು ಬೋನಾಳ ಪಕ್ಷಿಧಾಮವೆಂದು ಹೆಸರಾಗಿದೆ. ಬಿಡುವು ದೊರೆತಾಗ ರಾಜನಕೋಳೂರು, ಹಗರಟಗಿಗಳ ಬಯಲಿನಲ್ಲಿದ್ದ ಪ್ರಾಚೀನ ಕಲ್ಗೋರಿಗಳನ್ನು ಪರಿಶೀಲಿಸಿ, ಅವುಗಳ ವಿವರವನ್ನು ವಿದ್ವಾಂಸರ ಮುಂದಿಟ್ಟವನೂ ಅವನೇ.

ಬಾಲಕ ಅರಸನು ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಅರಸನು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಜಾತಕದಲ್ಲಿದ್ದುದಾಗಿ ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1853ರಲ್ಲಿ ರಾಜ್ಯಭಾರವನ್ನು ತರುಣನ ಕೈಗೊಪ್ಪಿಸಿ ಅವನು ನಳದುರ್ಗಕ್ಕೆ ತೆರಳಿದನು. ಅದೇ ವರ್ಷ ಕೃಷ್ಣೆಯ ಈಚೆಯ ರಾಯಚೂರು ದೋಆಬವೂ ನಿಜಾಮರಿಂದ ಇಂಗ್ಲಿಷರ ಕೈಸೇರಿತು.

ಐದು ವರ್ಷಗಳು ಕಳೆಯುವಷ್ಟರಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಕತ್ತಿ ಹಿರಿದಿದ್ದನು. 1858ರ ಫೆಬ್ರವರಿಯಲ್ಲಿ ಸುರಪುರದ ಬಳಿ ಕಾಳಗ ನಡೆದು ಕ್ಯಾಪ್ಟನ್ ನ್ಯೂಬೆರಿ ಮಡಿದನು, ಊರು ಇಂಗ್ಲಿಷರ ವಶವಾಯಿತು, ಅರಸನು ಸೆರೆಯಾದನು. ಸೆರೆಮನೆಯಲ್ಲಿ 'ಅಪ್ಪ'ನನ್ನು ಕಂಡ ತರುಣನು ಪ್ರಾಣಭಿಕ್ಷೆ ಬೇಡಲಿಲ್ಲ. ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಕೊಲ್ಲಿಸಬೇಕೆಂದಷ್ಟೇ ಕೇಳಿಕೊಂಡನು. ಮರಣದಂಡನೆ ಕಡೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಸೆರೆಯ ತಾಣಕ್ಕೆ ಒಯ್ಯುವ ಹಾದಿಯಲ್ಲೇ ಗುಂಡು ತಗಲಿ ಅವನು ಅಸುನೀಗಿದನು. ಅಧಿಕಾರಿಗಳು ಅದನ್ನು ಆತ್ಮಹತ್ಯೆ ಎಂದರು. ಅದನ್ನು ನಂಬದವರು ಸುರಪುರದಲ್ಲಿ ಇಂದಿಗೂ ಉಂಟು.

ಅದೇ ವರ್ಷ ಟೇಲರನು ಮತ್ತೆ ಸುರಪುರದ ಆಡಳಿತಕ್ಕೆ ಬಂದನು. ಮಗನಂತೆ ಬೆಳೆಸಿದವನು ಇಲ್ಲವಾದ ಊರು. ಅವನನ್ನು ಇಲ್ಲವಾಗಿಸಿದ ಸರಕಾರದ ಚಾಕರಿ. ಎರಡರ ನಡುವೆ ಎರಡು ವರ್ಷ ಕಳೆದು 1860ರಲ್ಲಿ ಅವನು ಸ್ವದೇಶಕ್ಕೆ ಮರಳಿದನು. ಸುರಪುರವು ನಿಜಾಮರ ರಾಜ್ಯದಲ್ಲಿ ಲೀನವಾಯಿತು. 1876ರಲ್ಲಿ ಟೇಲರನು ಫ್ರಾನ್ಸಿನ ಮೆಂಟನ್ನಿನಲ್ಲಿ ತೀರಿಕೊಂಡನು. ಮರುವರ್ಷ ಅವನ ಆತ್ಮಕಥೆ ಪ್ರಕಟವಾಯಿತು.

ಬ್ಲೆನಿಮ್ಮಿನಲ್ಲಿ ಮನೆತನವು ತಲೆಮಾರುಗಳವರೆಗೆ ಬಾಳಿತು. ಟೇಲರನ ಬಂಗಲೆಯನ್ನು ಅವನ ವಂಶದವರು ಆಳಲಿಲ್ಲ. ಮುಂದೆ ಅದು ಸರಕಾರದ ಪ್ರವಾಸಿಮಂದಿರವಾಗಿ ದಾರಿಹೋಕರಿಗೆ ನೆರಳಾಯಿತು. ಆದರೂ ಊರು ಎರಡು ಹೆಸರುಗಳನ್ನು ಮರೆತಿಲ್ಲ. ಕೆರೆಯ ಮಾತು ಬಂದರೆ ಟೇಲರ್ ಸಾಹೇಬನನ್ನು ನೆನೆಯುವ ನಾಲಗೆಯೇ, ಕತ್ತಿಯ ಮಾತು ಬಂದರೆ ವೆಂಕಟಪ್ಪ ನಾಯಕನನ್ನು ನೆನೆಯುತ್ತದೆ. ಒಬ್ಬನನ್ನು ಕೊಂಡಾಡಲು ಇನ್ನೊಬ್ಬನನ್ನು ಹಳಿಯುವ ಅಗತ್ಯ ಆ ಊರಿಗೆ ಬಿದ್ದಂತಿಲ್ಲ.